ಗುಬ್ಬಿಯ ಪಾಲಿಗೆ ಬಂದ ತಟ್ಟೆ

ಪಿಟೀಲು ಮಿಸ್‌ಗೆ ಹಠ ಜಾಸ್ತಿ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಅವರು ಹಠವಿಲ್ಲದ ಹೆಂಗಸಾಗಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆರು ವರ್ಷ ಬಿಡದೆ ಒಂದೇ ಕಾಗದವನ್ನು ಒಂದೇ ವಿಳಾಸಕ್ಕೆ ಬರೆಯುವುದೆಂದರೆ ಸುಮ್ಮನೆ ಆಯಿತೇ? ಊರಿನ ದೊಡ್ಡ ಸಂಗೀತ ಭವನದ ವ್ಯವಸ್ಥಾಪಕರಿಗೆ ಅವರು ವರ್ಷಕ್ಕೊಂದು ಸಲ ಬರೆಯುತ್ತಿದ್ದರು: ನನ್ನ ಶಾಲೆಯ ಮಕ್ಕಳು ಒಂದು ಸಿಂಫನಿಯನ್ನು ಎದುರಿಗೆ ಕೂತು ಕೇಳಬೇಕು, ದಯವಿಟ್ಟು ಒಳಗೆ ಬಿಡಿ. ಐದು ವರ್ಷ ಬಂದ ಉತ್ತರವೂ ಒಂದೇ. ಹನ್ನೆರಡು ವರ್ಷದೊಳಗಿನವರಿಗೆ ಪ್ರವೇಶವಿಲ್ಲ. ಆರನೆಯ ವರ್ಷ ವ್ಯವಸ್ಥಾಪಕರಿಗೇ ಬೇಸರ ಬಂತೋ ಏನೋ, ಕಾರ್ಯಕ್ರಮಕ್ಕೆ ಬೇಡ, ಅದರ ಹಿಂದಿನ ದಿನ ಬೆಳಿಗ್ಗೆ ನಡೆಯುವ ಕೊನೆಯ ತಾಲೀಮಿಗೆ ಬರಬಹುದು ಎಂದು ಬರೆದರು. ಕೆಳಗೆ ಇನ್ನೊಂದು ಸಾಲು, ಅದಕ್ಕೆ ದಪ್ಪ ಅಡಿಗೆರೆ: ಮಕ್ಕಳಿಂದ ಒಂದೇ ಒಂದು ಸದ್ದು ಬಂದರೂ ತಕ್ಷಣ ಹೊರಡಬೇಕು, ಮುಂದೆಂದೂ ಇಂಥ ಕೋರಿಕೆಯನ್ನು ಪರಿಗಣಿಸಲಾಗುವುದಿಲ್ಲ.

ಯಾವಾಗಲೋ ಯಾವುದೋ ಶಾಲೆಯ ಮಕ್ಕಳು ಬಂದು ಸೀಟಿ ಊದಿ ಹೋಗಿದ್ದವಂತೆ. ಆ ಪಾಪ ಇವರ ತಲೆಗೆ.

ಮಿಸ್ ಆ ಕಾಗದವನ್ನು ಮಡಿಸಿ ಪಿಟೀಲು ಪೆಟ್ಟಿಗೆಯೊಳಗೆ ಇಟ್ಟುಕೊಂಡರು. ವ್ಯವಸ್ಥಾಪಕರಿಗೆ ಫೋನು ಮಾಡಿ, ನನ್ನ ಮಕ್ಕಳು ಉಸಿರನ್ನೂ ಜೋರಾಗಿ ಬಿಡುವುದಿಲ್ಲ, ನೋಡುತ್ತಿರಿ ಎಂದರು. ಹೇಳಿದ ಮೇಲೆ ಅವರಿಗೇ ಕೊಂಚ ಭಯವಾಯಿತು. ಅವರ ಮಕ್ಕಳನ್ನು ಅವರು ಬಲ್ಲರಲ್ಲವೇ!

ಶಾಲೆ ಎಂದರೆ ಸೈಕಲ್ ರಿಪೇರಿ ಅಂಗಡಿಯ ಮೇಲಿನ ಒಂದು ಉದ್ದ ಕೋಣೆ. ಕೆಳಗೆ ಗಾಳಿ ಹಾಕುವ ಪಂಪಿನ ಬುಸ್ ಬುಸ್, ಮೇಲೆ ಹದಿನೆಂಟು ಮಕ್ಕಳು, ಹನ್ನೊಂದು ಪಿಟೀಲು. ಎಂಟರಿಂದ ಹನ್ನೊಂದು ವರ್ಷದವು, ಒಂದಕ್ಕೂ ಕೂತಲ್ಲಿ ಕೂರುವ ಜಾಯಮಾನವಿಲ್ಲ. ಪಿಟೀಲು ಬಿಟ್ಟು ಬೇರೆ ವಾದ್ಯವನ್ನು ಕಣ್ಣಾರೆ ಕಂಡವರು ಯಾರೂ ಇರಲಿಲ್ಲ. ಇಂಥವರಿಗೆ ಎಪ್ಪತ್ತು ಜನ ಕೂಡಿ ನುಡಿಸುವ, ಮುಕ್ಕಾಲು ಗಂಟೆಯ, ನಾಲ್ಕು ಭಾಗಗಳ ಸಿಂಫನಿಯನ್ನು ಕೇಳಿಸಬೇಕು. ಸಿಂಫನಿ ಬರೆದವರ ಹುಟ್ಟಿದ ಊರು, ಸತ್ತ ವರ್ಷ ಹೇಳಿಕೊಟ್ಟು ಕಳಿಸಿದರೆ ಹತ್ತು ನಿಮಿಷಕ್ಕೆ ಆಕಳಿಕೆ, ಹದಿನೈದು ನಿಮಿಷಕ್ಕೆ ಪಕ್ಕದವನ ಕಾಲು ತುಳಿಯುವುದು. ಇದಕ್ಕೆ ಮಿಸ್ ಬೇರೆಯೇ ಉಪಾಯ ಹೂಡಿದ್ದರು.

ಉಪಾಯ ಅವರ ಹಳೆಯ ಬದುಕಿನಿಂದ ಬಂದದ್ದು. ಮಿಸ್ ಅದೇ ಭವನದ ವಾದ್ಯವೃಂದದಲ್ಲಿ ಇಪ್ಪತ್ತೆರಡು ವರ್ಷ ಎರಡನೆಯ ಪಿಟೀಲು ತಂಡದ ಕೊನೆಯ ಸಾಲಿನಲ್ಲಿ ಕೂತಿದ್ದವರು. ಎಡಗೈಯ ಕಿರುಬೆರಳು ಮಡಿಸಿದರೆ ಮಡಿಸಿದಂತೆಯೇ ನಿಲ್ಲತೊಡಗಿದ ಮೇಲೆ ಬಿಟ್ಟು ಬಂದರು. ಕೊನೆಯ ಸಾಲನ್ನು ಯಾರು ನೋಡುತ್ತಾರೆ? ಚಪ್ಪಾಳೆಯೆಲ್ಲ ಮುಂದಿನವರಿಗೆ. ಆದರೆ ಕೊನೆಯ ಸಾಲಿನಲ್ಲಿ ಕೂತವರಿಗೆ ಸಿಂಫನಿಯ ಹೊಟ್ಟೆಯೊಳಗೆ ಕೂತ ಹಾಗೆ. ಹಿಂದೆ ಹಾರ್ನೆಂಬ ಹಿತ್ತಾಳೆಯ ಕಹಳೆ, ಪಕ್ಕದಲ್ಲಿ ನಗಾರಿ, ಮುಂದೆ ಕೊಳಲು, ಯಾರು ಯಾರಿಗೆ ಮಾತು ಕೊಡುತ್ತಾರೆ, ಯಾರು ಯಾರ ಬಾಯಿಂದ ಕಸಿದುಕೊಳ್ಳುತ್ತಾರೆ, ಎಲ್ಲ ಗೊತ್ತಾಗುತ್ತದೆ. ಮಕ್ಕಳನ್ನೂ ಅಲ್ಲೇ ಕೂರಿಸಬೇಕು ಎಂಬುದು ಅವರ ಆಸೆ.

ಹಾಗಾಗಿ ಒಂದು ದಿನ ಪಿಟೀಲು ಕಮಾನಿಗೆ ಉಜ್ಜುವ ರಾಳದ ಖಾಲಿ ಡಬ್ಬಿಯಲ್ಲಿ ಹದಿನೆಂಟು ಚೀಟಿ ಹಾಕಿ ಕುಲುಕಿದರು. ಒಬ್ಬೊಬ್ಬರಿಗೆ ಒಂದೊಂದು ವಾದ್ಯ. ಯಾರಿಗೆ ಯಾವುದು ಬಂತೋ ಅವರು ಇಡೀ ಸಿಂಫನಿಯಲ್ಲಿ ಅದೊಂದನ್ನೇ ಹಿಂಬಾಲಿಸಬೇಕು. ಅದು ನುಡಿದಾಗ ಬೆರಳು ಎತ್ತಬೇಕು, ಸುಮ್ಮನಾದಾಗ ಇಳಿಸಿ ಎಣಿಸಬೇಕು. ನಾಲ್ಕು ಎಣಿಕೆಗೆ ಒಂದು ಆವರ್ತ, ಇಷ್ಟು ಆವರ್ತ ಸುಮ್ಮನಿದ್ದು ಆಮೇಲೆ ಮತ್ತೆ ನುಡಿಯಬೇಕು ಎಂದು ಚೀಟಿಯ ಮುಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿತ್ತು. ಹಿಂಬದಿಯಲ್ಲಿ ಇನ್ನೊಂದು ವಿಷಯ: ನಿನಗಿಂತ ಮುಂಚೆ ಯಾರು ನುಡಿಯುತ್ತಾರೆ. ಎಣಿಕೆ ತಪ್ಪಿದರೆ ಅಳಬೇಡಿ, ಪಕ್ಕದವರನ್ನು ಕೇಳಿಸಿಕೊಳ್ಳಿ, ಅವರೇ ದಾರಿ ತೋರಿಸುತ್ತಾರೆ ಎಂದು ಮಿಸ್ ಸಾರಿ ಸಾರಿ ಹೇಳಿದ್ದರು. ಎತ್ತಿದ ಚೀಟಿ ಬದಲಾಯಿಸುವ ಮಾತೇ ಇಲ್ಲ. ವಾದ್ಯವೃಂದದಲ್ಲಿ ಯಾರಿಗೂ ಬೇರೆಯವರ ಪಾಲು ಸಿಗುವುದಿಲ್ಲ.

ಡುಮ್ಮನಿಗೆ ಹಾರ್ನು ಬಂತು, ಅವನು ಕೆನ್ನೆ ಊದಿಸಿಕೊಂಡು ಆಗಲೇ ತಯಾರಾದ. ಒಬ್ಬಳಿಗೆ ಕೊಳಲು, ಒಬ್ಬನಿಗೆ ನಗಾರಿ. ಕೊನೆಗೆ ಉಳಿದ ಚೀಟಿ ಗುಬ್ಬಿಯದು. ಗುಬ್ಬಿ ಎಂದರೆ ಶಾಲೆಯಲ್ಲೇ ಹಗುರ ಹುಡುಗಿ, ಎಂಟು ವರ್ಷ, ಗಾಳಿ ಬೀಸಿದರೆ ಹಾರಿಹೋಗುವಂಥ ಮೈ, ಕೋಪ ಮಾತ್ರ ಮೂಗಿನ ತುದಿಯಲ್ಲಿ. ಚೀಟಿ ಬಿಚ್ಚಿ ನೋಡಿದರೆ: ಕಂಚಿನ ತಾಳ, ಊಟದ ತಟ್ಟೆಗಿಂತ ಅಗಲದ ಜೋಡಿ. ಮೊದಲ ಮೂರು ಭಾಗಗಳಲ್ಲಿ ಏನೂ ಇಲ್ಲ. ನಾಲ್ಕನೆಯ ಭಾಗದಲ್ಲಿ ಅರವತ್ತನಾಲ್ಕು ಆವರ್ತ ಸುಮ್ಮನೆ. ಅದೇ ಹಾಡು ಹಿಂದಕ್ಕೆ ಹೋಗಿ ಮತ್ತೊಮ್ಮೆ ಅರವತ್ತನಾಲ್ಕು ಸುಮ್ಮನೆ. ಆಮೇಲೆ ನಲವತ್ತು ಸುಮ್ಮನೆ. ಆಮೇಲೆ ಒಂದು ಏಟು. ಮುಗಿಯಿತು.

ಗುಬ್ಬಿಯ ಮುಖ ಊದಿಕೊಂಡಿತು. ಮಿಕ್ಕವರು ನಕ್ಕದ್ದು ಗಾಯದ ಮೇಲೆ ಉಪ್ಪು ಸವರಿದ ಹಾಗಾಯಿತು. ಮನೆಗೆ ಹೋಗಿ ಅತ್ತಿರಬೇಕು, ಮಾರನೆಯ ದಿನ ಅವಳ ಅಜ್ಜಿ, ಹೊಲಿಗೆ ಕೆಲಸದವಳು, ಕೊರಳಿಗೆ ಅಳತೆಪಟ್ಟಿ ಹಾಕಿಕೊಂಡಂತೆಯೇ ಮೆಟ್ಟಿಲು ಹತ್ತಿ ಬಂದಳು.

"ಏನಮ್ಮಾ ಟೀಚರಮ್ಮ, ಎಲ್ಲಾರಿಗೂ ಒಂದೊಂದು ವಾದ್ಯ ಕೊಟ್ಟು ನನ್ನ ಮೊಮ್ಮಗಳಿಗೆ ತಟ್ಟೆ ಕೊಟ್ಟಿದೀಯಂತೆ. ಆ ತಟ್ಟೆ ಹೊಡಿಯೋನು ಸುಮ್ನೆ ಕೂತಿರ್ತಾನಂತಲ್ಲ. ಸುಮ್ನೆ ಕೂರೋದನ್ನ ಕಲಿಯಕ್ಕೆ ಇಲ್ಲೀವರ್ಗೂ ಬರ್ಬೇಕಾ?"

ಮಿಸ್ ಆಕೆಗೆ ಕುರ್ಚಿ ಕೊಟ್ಟರು. "ಸುಮ್ನೆ ಕೂತಿರಲ್ಲ ಅಜ್ಜಿ, ಎಣಿಸ್ತಾ ಕೂತಿರ್ತಾರೆ. ಮಿಕ್ಕವರು ತಪ್ಪಿದ್ರೆ ಎಪ್ಪತ್ತು ಜನದಲ್ಲಿ ಮುಚ್ಚಿಹೋಗತ್ತೆ. ತಾಳದವರು ತಪ್ಪಿದ್ರೆ ಬೀದೀಲಿ ಹೋಗೋನಿಗೂ ಗೊತ್ತಾಗತ್ತೆ. ಅದಕ್ಕಿಂತ ಕಷ್ಟದ ಪಾಲು ಆ ಡಬ್ಬೀಲಿ ಇರಲಿಲ್ಲ."

ಅಜ್ಜಿಗೆ ಅರ್ಧ ನಂಬಿಕೆ, ಅರ್ಧ ಅನುಮಾನ. ಒಂದು ಏಟಿಗೆ ಇಷ್ಟೆಲ್ಲ ರಾಮಾಯಣವೇ ಎಂದು ಗೊಣಗುತ್ತ ಇಳಿದು ಹೋದಳು. ಆದರೆ ಮೂಲೆಯಲ್ಲಿ ಕೂತಿದ್ದ ಗುಬ್ಬಿ ಮಿಸ್ ಹೇಳಿದ ಮಾತನ್ನು ಕೇಳಿಸಿಕೊಂಡಿದ್ದಳು. ಅಂದಿನಿಂದ ಹುಡುಗಿಯ ವರಸೆಯೇ ಬದಲಾಯಿತು. ಮಿಸ್ ಹಳೆಯ ರೆಕಾರ್ಡು ಹಾಕಿದಾಗಲೆಲ್ಲ ಗೋಡೆಗೆ ಬೆನ್ನು ಕೊಟ್ಟು ಬೆರಳಿನ ಗೆಣ್ಣುಗಳ ಮೇಲೆ ಹೆಬ್ಬೆರಳು ಓಡಿಸುತ್ತ ಎಣಿಸುವುದು, ನೂರ ಅರವತ್ತೆಂಟು ಆವರ್ತ ಮುಗಿದ ಮೇಲೆ ಎರಡೂ ಕೈ ಅಗಲಿಸಿ ಗಾಳಿಯಲ್ಲೇ ಒಂದು ಹೊಡೆತ. ಮೊದಮೊದಲು ಮುಂಚೆ ಹೊಡೆಯುತ್ತಿದ್ದಳು, ಆಮೇಲೆ ತಡವಾಗಿ. ಮೂರನೆಯ ವಾರಕ್ಕೆ ಕೂದಲೆಳೆಯಷ್ಟೂ ತಪ್ಪಲಿಲ್ಲ. ನಗುತ್ತಿದ್ದವರು ನಗುವುದನ್ನು ಬಿಟ್ಟರು.

ಆ ಬೆಳಿಗ್ಗೆ ಬಂತು. ಹದಿನೆಂಟು ಮಕ್ಕಳು ಇಬ್ಬಿಬ್ಬರಾಗಿ ಕೈ ಹಿಡಿದು ಭವನದ ಪಕ್ಕದ ಬಾಗಿಲಿನಿಂದ ಒಳಗೆ ಹೋದರು. ಬಾಗಿಲಲ್ಲೇ ವ್ಯವಸ್ಥಾಪಕರು, ಕೈಯಲ್ಲಿ ಬೀಗದ ಗೊಂಚಲು, ಮುಖದಲ್ಲಿ ನಗುವಿನ ಸುಳಿವಿಲ್ಲ. ಕಾಗದದಲ್ಲಿ ಬರೆದದ್ದು ನೆನಪಿದೆಯಲ್ಲ ಎಂದು ಕೇಳಿದರು. ಇದೆ ಎಂದರು ಮಿಸ್.

ಕೂರುವುದಕ್ಕೇ ಐದು ನಿಮಿಷ ಹಿಡಿಯಿತು. ಅಲ್ಲಿಯ ಕುರ್ಚಿಗಳ ಕೂರುಹಲಗೆಗೆ ಸ್ಪ್ರಿಂಗು, ಎದ್ದರೆ ತಾನೇ ಢಬ್ ಎಂದು ಮೇಲಕ್ಕೆ ಮಡಚಿಕೊಳ್ಳುವಂಥದ್ದು. ಮಿಸ್‌ಗೆ ಆ ಕುರ್ಚಿಗಳ ಬುದ್ಧಿ ಗೊತ್ತಿತ್ತು. ನಾನು ಹೇಳುವ ತನಕ ಜಪ್ಪಯ್ಯ ಅಂದರೂ ಏಳಕೂಡದು ಎಂದು ಮುನ್ನಾದಿನವೇ ಆಣೆ ಹಾಕಿಸಿಕೊಂಡಿದ್ದರು. ಗುಬ್ಬಿ ಕೂತರೆ ಹಲಗೆ ಕೆಳಗಿಳಿಯಲೇ ಇಲ್ಲ, ಅವಳನ್ನೂ ಸೇರಿಸಿಕೊಂಡು ಮಡಚಿಕೊಳ್ಳಲು ಹೊರಟಿತು. ಡುಮ್ಮ ತನ್ನ ಚೀಲ ಕೊಟ್ಟ. ಚೀಲವನ್ನು ತೊಡೆಯ ಮೇಲಿಟ್ಟು ಭಾರ ಮಾಡಿಕೊಂಡು ಅವಳು ಹೇಗೋ ಕೂತಳು.

ವೇದಿಕೆಯ ಮೇಲೆ ಎಪ್ಪತ್ತು ಜನ ಶ್ರುತಿ ಮಾಡಿಕೊಳ್ಳುತ್ತಿದ್ದರು. ಮಿಸ್ ತಮ್ಮ ಹಳೆಯ ಕುರ್ಚಿಯ ಕಡೆ ನೋಡಿದರು. ಅದರಲ್ಲಿ ಯಾರೋ ಹೊಸ ಹುಡುಗಿ ಕೂತಿದ್ದಳು. ಪಕ್ಕದಲ್ಲಿ ಮಾತ್ರ ಹಳೆಯ ಜೊತೆಗಾರ್ತಿಯೇ ಇದ್ದಳು, ಗುರುತು ಹಿಡಿದು ಹುಬ್ಬು ಹಾರಿಸಿದಳು. ಆಮೇಲೆ ಮಿಸ್ ಗುಬ್ಬಿಯ ಪಾಲಿನ ತಾಳದವರನ್ನು ಹುಡುಕಿದರು. ತಾಳದ ಹಿಂದೆ ಕೂತಿದ್ದವರು ಗುರುತಿನವರಲ್ಲ. ಎಂದಿನ ವಾದಕರಿಗೆ ಜ್ವರ, ಹೊರಗಿನ ಬ್ಯಾಂಡಿನವರೊಬ್ಬರನ್ನು ಇವತ್ತೇ ಕರೆಸಿಕೊಂಡಿದ್ದಾರೆ ಎಂದು ವ್ಯವಸ್ಥಾಪಕರು ಪಿಸುಗುಟ್ಟಿದರು. ಕಡ್ಡಿ ಆಡಿಸಿ ವೃಂದವನ್ನು ನಡೆಸುವ ನಿರ್ದೇಶಕರು ಬಂದರು. ಬಿಳಿಗೂದಲು, ಉದ್ದ ಕೈ, ಮಿಸ್ ಬಿಟ್ಟ ಮೇಲೆ ಬಂದವರು. ರೆಕಾರ್ಡಿನ ರಟ್ಟಿನ ಮೇಲಿನ ಇನ್ಯಾರೋ ನಿರ್ದೇಶಕರ ಚಿತ್ರ ನೋಡಿ ಮಕ್ಕಳು ಇಟ್ಟಿದ್ದ ಕಡ್ಡಿ ತಾತ ಎಂಬ ಹೆಸರು ಇವರಿಗೂ ಒಪ್ಪುವಂತಿತ್ತು. ಮಕ್ಕಳ ಕಡೆ ತಿರುಗಿಯೂ ನೋಡದೆ ಕಡ್ಡಿ ಎತ್ತಿದರು.

ಮಿಸ್ ಮೊದಲ ಐದು ನಿಮಿಷ ಸಿಂಫನಿ ಕೇಳಲೇ ಇಲ್ಲ. ಮಕ್ಕಳನ್ನೇ ನೋಡುತ್ತಿದ್ದರು. ಕೊಳಲು ನುಡಿದರೆ ಸಾಲಿನ ತುದಿಯಲ್ಲಿ ಒಂದು ಬೆರಳು ಎದ್ದಿತು. ಹಾರ್ನು ಕೂಗಿದರೆ ಡುಮ್ಮನದು. ಪಿಟೀಲುಗಳೆಲ್ಲ ಒಟ್ಟಿಗೆ ಹರಿದು ಬಂದಾಗ ಐದಾರು ಬೆರಳು ಒಟ್ಟಿಗೆ. ಯಾರೂ ಪಿಟ್ಟೆನ್ನಲಿಲ್ಲ. ಆಕಳಿಸುವುದು ಹಾಗಿರಲಿ, ಹದಿನೆಂಟು ಜೋಡಿ ಕಣ್ಣು ತಂತಮ್ಮ ವಾದ್ಯವನ್ನು ಬಿಟ್ಟು ಅಲ್ಲಾಡಲಿಲ್ಲ. ಇಪ್ಪತ್ತೆರಡು ವರ್ಷ ಈ ಭವನದಲ್ಲಿ ಕೂತು ನೋಡಿದ್ದೇನೆ, ದೊಡ್ಡ ದೊಡ್ಡ ಮನುಷ್ಯರೂ ಹೀಗೆ ಕೇಳಿದ್ದನ್ನು ಕಾಣೆ ಎಂದುಕೊಂಡರು ಮಿಸ್.

ಗುಬ್ಬಿಯ ಕಣ್ಣು ಬ್ಯಾಂಡಿನವರ ಮೇಲೆ. ಅವರು ಮೂಗು ಕೆರೆದುಕೊಂಡರು, ಅವಳು ನೋಡಿದಳು. ಶೂ ದಾರ ಕಟ್ಟಿಕೊಂಡರು, ನೋಡಿದಳು. ಎರಡನೆಯ ಭಾಗದ ಹೊತ್ತಿಗೆ ಅವರಿಗೂ ಇದು ಗೊತ್ತಾಯಿತು. ಇಷ್ಟೆಲ್ಲ ಜನ ಬೆವರು ಸುರಿಸಿ ನುಡಿಸುತ್ತಿರುವಾಗ ಈ ಪುಟ್ಟ ಹುಡುಗಿ ಏನೂ ಮಾಡದ ನನ್ನನ್ನು ಯಾಕೆ ಹೀಗೆ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿದ್ದಾಳೆ ಎಂದು ಕಸಿವಿಸಿಪಟ್ಟು, ಒಮ್ಮೆ ಅಂಗಿಯ ಗುಂಡಿ ಸರಿಯಿದೆಯೇ ಎಂದು ನೋಡಿಕೊಂಡರು. ಆಮೇಲೆ ನೆಟ್ಟಗೆ ಕೂತರು.

ನಾಲ್ಕನೆಯ ಭಾಗ ಶುರುವಾಯಿತು. ಗುಬ್ಬಿಯ ಹೆಬ್ಬೆರಳು ಗೆಣ್ಣುಗಳ ಮೇಲೆ ಓಡತೊಡಗಿತು. ಬ್ಯಾಂಡಿನವರ ತುಟಿಯೂ ಅಲುಗಾಡುತ್ತಿತ್ತು. ಅರವತ್ತನಾಲ್ಕು ಮುಗಿಯಿತು. ಇನ್ನು ಹಾಡು ಹಿಂದಕ್ಕೆ ಹೋಗಬೇಕು, ಮೊದಲಿನಿಂದ ಮತ್ತೊಮ್ಮೆ. ಹೋಗಲಿಲ್ಲ. ನೇರ ಮುಂದಕ್ಕೆ ನಡೆದುಬಿಟ್ಟಿತು.

ಮಿಸ್‌ಗೆ ತಕ್ಷಣ ಹೊಳೆಯಿತು. ಎರಡನೆಯ ಸುತ್ತು ಬೇಡವೆಂದು ನಿನ್ನೆಯ ತಾಲೀಮಿನಲ್ಲಿ ನಿರ್ದೇಶಕರು ಹೇಳಿರಬೇಕು, ಎಲ್ಲರೂ ತಮ್ಮ ಸ್ವರಲಿಪಿಯ ಪುಟದ ಮೇಲೆ ಪೆನ್ಸಿಲಿನಲ್ಲಿ ಗೀಟು ಹಾಕಿಕೊಂಡಿರಬೇಕು. ಇದು ವಾದ್ಯವೃಂದಗಳಲ್ಲಿ ದಿನವೂ ನಡೆಯುವುದೇ. ಮಕ್ಕಳಿಗೆ ಯಾರು ಹೇಳಬೇಕು? ಸಾಲಿನುದ್ದಕ್ಕೂ ಬೆರಳುಗಳು ಗಾಳಿಯಲ್ಲಿ ತಡವರಿಸಿದವು. ಹದಿನೆಂಟು ಮುಖ ಮಿಸ್ ಕಡೆ ತಿರುಗಿದವು. ಮಿಸ್ ಬಾಯಿ ಬಿಡುವಂತಿಲ್ಲ. ತಮ್ಮ ಅಂಗೈಯನ್ನು ಮಗುಚಿ ತೋರಿಸಿದರು, ಅಷ್ಟೇ. ಚೀಟಿಯ ಹಿಂಬದಿ. ಒಂದೊಂದೇ ಮುಖ ಮತ್ತೆ ವೇದಿಕೆಯ ಕಡೆ ಹೊರಳಿತು. ಕೊಳಲಿನವಳು ತನಗಿಂತ ಮುಂಚೆ ನುಡಿಯುವ ಓಬೋ ಎಂಬ ಊದುವಾದ್ಯ ಕೇಳಿಸಿಕೊಂಡು ಜಾಗ ಹಿಡಿದುಕೊಂಡಳು. ನಗಾರಿಯವನು ಸರಿಹೋದ. ಒಬ್ಬೊಬ್ಬರಾಗಿ ಎಲ್ಲರೂ ದಾರಿಗೆ ಬಂದರು. ಮಿಸ್‌ಗೆ ಎದ್ದು ಕುಣಿಯಬೇಕೆನ್ನಿಸಿತು.

ಆದರೆ ಬ್ಯಾಂಡಿನವರು? ಇವತ್ತೇ ಬಂದವರಿಗೆ ನಿನ್ನೆಯ ಗೀಟು ಎಲ್ಲಿಂದ ಬರಬೇಕು? ಅವರ ಪುಟದಲ್ಲಿ ಎರಡನೆಯ ಸುತ್ತು ಇನ್ನೂ ಇತ್ತು. ಪಾಪ, ಅವರು ಒಂದು, ಎರಡು, ಮೂರು ಎಂದು ನಿಷ್ಠೆಯಿಂದ ಎಣಿಸುತ್ತ ಕೂತಿದ್ದರು, ತಾಳ ಬಟ್ಟೆಯ ಮೇಲೆ ಅಂಗಾತ ಮಲಗಿತ್ತು.

ಇಡೀ ವೃಂದ ದನಿ ತಗ್ಗಿಸಿತು. ಹಾರ್ನು ಒಂದೇ, ನಾಲ್ಕು ಉದ್ದ ಸ್ವರ. ಗುಬ್ಬಿಯ ಚೀಟಿಯ ಹಿಂಬದಿಯಲ್ಲಿ ಬರೆದಿದ್ದದ್ದು ಅದೇ: ಹಾರ್ನಿನ ನಾಲ್ಕು ಉದ್ದ ಸ್ವರ, ಆಮೇಲೆ ನಾನು. ಪಕ್ಕದಲ್ಲಿ ಡುಮ್ಮನ ಬೆರಳು ಎದ್ದಿತು. ಒಂದು. ಗುಬ್ಬಿ ಬ್ಯಾಂಡಿನವರನ್ನು ನೋಡಿದಳು, ಅವರ ಕೈ ತೊಡೆಯ ಮೇಲೆ. ಎರಡು. ಇನ್ನೂ ತೊಡೆಯ ಮೇಲೆ.

ಗುಬ್ಬಿ ಎದ್ದು ನಿಂತಳು.

ಡುಮ್ಮನ ಚೀಲ ಧೊಪ್ಪನೆ ಬಿತ್ತು, ಕುರ್ಚಿ ಢಬ್ ಎಂದು ಮಡಚಿಕೊಂಡಿತು. ಹಾರ್ನೊಂದೇ ನುಡಿಯುತ್ತಿದ್ದ ಆ ಹೊತ್ತಿನಲ್ಲಿ ಮೂಲೆಮೂಲೆಗೂ ಕೇಳಿಸಿತು. ಗುಬ್ಬಿ ಹಿಂದೆ ತಿರುಗಲಿಲ್ಲ. ಎರಡೂ ಕೈ ಅಗಲಿಸಿ, ಇಲ್ಲದ ತಾಳವನ್ನು ಎತ್ತಿ ಹಿಡಿದು, ಬ್ಯಾಂಡಿನವರನ್ನೇ ದುರುಗುಟ್ಟಿ ನೋಡುತ್ತ ನಿಂತಳು. ಮೂರು. ಅವರು ಬೆಚ್ಚಿದರು, ಅವಳ ಕೈ ನೋಡಿದರು, ತಡವರಿಸುತ್ತ ಎದ್ದು ತಾಳಕ್ಕೆ ಕೈ ಹಾಕಿದರು. ನಾಲ್ಕು. ಗುಬ್ಬಿ ಗಾಳಿಯಲ್ಲಿ ಹೊಡೆದಳು, ಅವರು ಕಂಚಿನಲ್ಲಿ ಹೊಡೆದರು. ಝಣ್ ಎಂದು ಭವನವೆಲ್ಲ ತುಂಬಿಹೋಯಿತು, ಅದರ ಬೆನ್ನಿಗೇ ಎಪ್ಪತ್ತು ಜನ ಒಮ್ಮೆಲೇ ಎರಗಿದರು.

ಹತ್ತು ಹನ್ನೆರಡು ಆವರ್ತ ಕಳೆದು ನಿರ್ದೇಶಕರು ಕಡ್ಡಿ ಇಳಿಸಿದರು. ಎಲ್ಲವೂ ನಿಂತಿತು. ಬಾಗಿಲ ಬಳಿ ವ್ಯವಸ್ಥಾಪಕರ ಬೀಗದ ಗೊಂಚಲು ಗಲಗಲ ಎಂದಿತು.

ಆರು ವರ್ಷದ ಕಾಗದ, ಮುಂದಿನ ವರ್ಷದ ಮಕ್ಕಳು, ಅದರ ಮುಂದಿನವರು, ಎಲ್ಲರ ಬಾಗಿಲೂ ಒಂದು ಕುರ್ಚಿಯ ಸದ್ದಿಗೆ ಮುಚ್ಚಿತು. ಆದರೂ ಹೊರಗೆ ಹೋಗಿ ಎಂದು ಬೇರೆಯವರ ಬಾಯಿಂದ ಹೇಳಿಸಿಕೊಳ್ಳುವವರಲ್ಲ ಮಿಸ್. ತಾವೇ ಎದ್ದು ಮಕ್ಕಳಿಗೆ ಹೊರಡುವಂತೆ ಸನ್ನೆ ಮಾಡಿದರು. ಗುಬ್ಬಿಯ ತಲೆಯ ಮೇಲೆ ಕೈಯಿಟ್ಟರು. ಬೈಯಬೇಕೆಂದು ಅನ್ನಿಸಲೇ ಇಲ್ಲ.

"ಸದ್ದು ಮಾಡಿದ್ದು ಯಾರು?" ನಿರ್ದೇಶಕರು ಕೇಳಿದರು.

"ನಾನು," ಎಂದಳು ಗುಬ್ಬಿ. ಕತ್ತು ಬಗ್ಗಿರಲಿಲ್ಲ. "ಅವರು ಇನ್ನೂ ಎಣಿಸ್ತಾ ಕೂತಿದ್ರು. ಹಿಂದಕ್ಕೆ ಹೋಗಲ್ಲ ಅಂತ ಅವರಿಗೆ ಯಾರೂ ಹೇಳಿಲ್ಲ."

ಬ್ಯಾಂಡಿನವರು ತಮ್ಮ ಪುಟ ಎತ್ತಿ ಹಿಡಿದರು. ಅದರ ಮೇಲೆ ಒಂದು ಗೀಟೂ ಇರಲಿಲ್ಲ. ಮಗು ಹೇಳುವುದು ನಿಜ, ಅವಳು ಏಳದಿದ್ದರೆ ನಾನು ಕೂತೇ ಇರುತ್ತಿದ್ದೆ, ನಾಳೆ ತುಂಬಿದ ಸಭೆಯಲ್ಲೂ ಹೀಗೇ ಕೂತಿರುತ್ತಿದ್ದೆನೋ ಏನೋ ಎಂದರು. ನಿರ್ದೇಶಕರು ಆ ಪುಟವನ್ನು ನೋಡಿದರು. ಬೆಳಿಗ್ಗೆ ಅವರಿಗೆ ಹೇಳಬೇಕಾಗಿದ್ದವನು ನಾನೇ, ತಪ್ಪು ನನ್ನದು ಎಂದು ಎಲ್ಲರಿಗೂ ಕೇಳಿಸುವಂತೆ ಹೇಳಿದರು. ಆಮೇಲೆ ವೇದಿಕೆ ಇಳಿದು ಗುಬ್ಬಿಯ ಹತ್ತಿರ ಬಂದರು.

"ಹಿಂದಕ್ಕೆ ಹೋಗ್ಲಿಲ್ಲ ಅಂದ್ರೆ ನಿನ್ನ ಎಣಿಕೇನೂ ತಪ್ಪಿರ್ಬೇಕಲ್ಲಮ್ಮ. ಮತ್ತೆ ಹೇಗೆ ಸರಿಯಾಗಿ ಎದ್ದೆ?"

ಗುಬ್ಬಿ ಬೆವರಿಗೆ ಒದ್ದೆಯಾಗಿದ್ದ ಚೀಟಿಯನ್ನು ಮಗುಚಿ ಕೊಟ್ಟಳು. ಅವರು ಕನ್ನಡಕ ಸರಿಮಾಡಿಕೊಂಡು ಓದಿದರು. ಎಲ್ಲರ ಹತ್ತಿರವೂ ಇಂಥದ್ದು ಇದೆಯೇ ಎಂದು ಕೇಳಿದರು. ಹದಿನೆಂಟು ಕೈ ಮೇಲೆದ್ದವು, ಹದಿನೇಳರಲ್ಲಿ ಚೀಟಿ, ಒಂದು ಖಾಲಿ. ಅವರು ಒಂದೊಂದನ್ನೇ ನೋಡಿದರು. ಕೊಳಲಿನದು, ನಗಾರಿಯದು, ಎರಡನೆಯ ಪಿಟೀಲಿನ ಕೊನೆಯ ಸಾಲಿನದು. ಯಾರು ಬರೆದದ್ದು ಇದು, ಇಷ್ಟು ಒಳಗಿನಿಂದ ಎಂದರು.

ಮಿಸ್ ಬಾಯಿ ತೆರೆಯುವ ಮೊದಲೇ ವೇದಿಕೆಯ ಹಿಂದಿನ ಸಾಲಿನಿಂದ ಅವರ ಹಳೆಯ ಜೊತೆಗಾರ್ತಿ ಎದ್ದು ನಿಂತು ಹೇಳಿದಳು: "ಅವರು ನಮ್ಮವರೇ, ಸರ್. ಕೊನೇ ಸಾಲಿನವರು."

ಮಿಸ್‌ಗೆ ಆಗ ಆದದ್ದು ಹೆಮ್ಮೆ. ಬೇರೆ ಹೆಸರು ಕೊಟ್ಟು ಮುಚ್ಚಿಡುವುದು ಯಾಕೆ? ಇಪ್ಪತ್ತೆರಡು ವರ್ಷ ಬೇರೆಯವರಿಗೆ ಬಿದ್ದ ಚಪ್ಪಾಳೆಯನ್ನೆಲ್ಲ ಕೂಡಿಸಿದರೂ ಈ ಒಂದು ಮಾತಿಗೆ ಸಮವಾಗುತ್ತಿರಲಿಲ್ಲ. ಮಡಿಸಿದ ಕಿರುಬೆರಳನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ನಿಂತರು, ಕಣ್ಣೊರೆಸಿಕೊಳ್ಳಲೂ ಹೋಗಲಿಲ್ಲ.

ನಿರ್ದೇಶಕರು ಮಕ್ಕಳನ್ನು ಕೂರಲು ಹೇಳಿದರು. ಗುಬ್ಬಿಗೆ ಮಾತ್ರ, ನೀನು ಈ ಸಲ ನಿಂತೇ ಇರು, ಕುರ್ಚಿಯ ಕಾಟ ಬೇಡ ಎಂದರು. ನಾಲ್ಕನೆಯ ಭಾಗ ಮತ್ತೆ ಮೊದಲಿನಿಂದ ನಡೆಯಿತು. ಬ್ಯಾಂಡಿನವರು ಈಗ ಗೀಟು ಹಾಕಿಕೊಂಡಿದ್ದರು, ಆದರೂ ಹಾರ್ನಿನ ಸ್ವರ ಶುರುವಾದಾಗ ಒಂದು ಸಲ ಗುಬ್ಬಿಯ ಕಡೆ ನೋಡಿಯೇ ತಾಳ ಎತ್ತಿದರು.

ಹೊರಡುವಾಗ ವ್ಯವಸ್ಥಾಪಕರು ಬಾಗಿಲು ಹಿಡಿದು ನಿಂತಿದ್ದರು. ಕೆಮ್ಮಿ ಗಂಟಲು ಸರಿಮಾಡಿಕೊಂಡು, ಮುಂದಿನ ವರ್ಷ ಎಷ್ಟು ಮಕ್ಕಳು ಬರುತ್ತಾರೆ ಎಂದು ಕೇಳಿದರು. ಕಾಗದ ಬರೆಯುತ್ತೇನೆ ಎಂದರು ಮಿಸ್. ಹಠದವರು ಹಠ ಬಿಡುತ್ತಾರೆಯೇ?

ಹೊರಗೆ ಮೆಟ್ಟಿಲ ಮೇಲೆ ಹೊಲಿಗೆ ಅಜ್ಜಿ ಕಾಯುತ್ತಿದ್ದಳು. ಕೆಲಸ ಬಿಟ್ಟು ಬಂದಿದ್ದಳು, ಅಳತೆಪಟ್ಟಿ ಇನ್ನೂ ಕೊರಳಲ್ಲೇ ಇತ್ತು. ಮೊಮ್ಮಗಳ ಮುಖ ನೋಡಿ, ಅತ್ತಿದ್ದಾಳೋ ನಕ್ಕಿದ್ದಾಳೋ ತಿಳಿಯದೆ, ಅನುಮಾನದಿಂದಲೇ ಕೇಳಿದಳು.

"ಏನೇ, ನಿನ್ನ ತಟ್ಟೆಯೋನು ಹೊಡೆದನೇನೇ?"

"ಹೊಡೆದ್ರು ಅಜ್ಜಿ," ಎಂದಳು ಗುಬ್ಬಿ. "ನಾನು ಹೇಳಿದ್ಮೇಲೆ ಹೊಡೆದ್ರು."

ಇಷ್ಟೊಂದು ಜಂಬ ಒಳ್ಳೆಯದಲ್ಲ ಎಂದು ಮಿಸ್ ಗದರಬೇಕಾಗಿತ್ತು. ಗದರಲಿಲ್ಲ. ಹದಿನೆಂಟೂ ಮಕ್ಕಳನ್ನು ಎಣಿಸಿಕೊಂಡು, ತಲೆಯೆತ್ತಿ ರಸ್ತೆಗೆ ಇಳಿದರು.